ಗೇರೆಣ್ಣೆಯ ಒಂಬತ್ತು ಪದರ

ಒಮ್ಮೆ ತೆಗೆದ ರಕ್ತದ ಮಾದರಿ ಎಷ್ಟು ಹೊತ್ತು ಕೆಡದೆ ಇರುತ್ತದೆ ಎಂಬುದಕ್ಕೆ ಒಂದು ಮಿತಿಯಿದೆ. ಬ್ರಹ್ಮಾವರದ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ ಆ ಮಿತಿ ನನ್ನ ಮೈಗೇ ಹತ್ತಿಕೊಂಡಿದೆ. ವಂಡ್ಸೆಯಿಂದಲೋ ನಾವುಂದದಿಂದಲೋ ವಯಸ್ಸಾದವರು ಖಾಲಿ ಹೊಟ್ಟೆಯಲ್ಲಿ ಎರಡು ಬಸ್ಸು ಬದಲಿಸಿ ಬಂದು ಬೆಂಚಿಗೆ ಒರಗುವುದನ್ನು ನೋಡಿ ನೋಡಿ, ಇವರ ಮನೆಗೆ ನಾನೇ ಹೋಗಬಹುದಲ್ಲ ಅನ್ನಿಸಿತು. ಏಪ್ರಿಲ್‌ನಲ್ಲಿ ಕೆಲಸ ಬಿಟ್ಟೆ. ಕುಂದಾಪುರದ ಒಂದು ತಪಾಸಣಾ ಕೇಂದ್ರದವರು ಒಪ್ಪಿದರು. ಜೂನ್ ಒಂದರಿಂದ ನಾನು ಬೆಳಿಗ್ಗೆ ಮನೆಮನೆಗೆ ಹೋಗಿ ಮಾದರಿ ತೆಗೆದು, ಹತ್ತು ಗಂಟೆಯೊಳಗೆ ಅವರಲ್ಲಿಗೆ ಮುಟ್ಟಿಸಬೇಕು. ವಾಹನ ನನ್ನದೇ ಆಗಿರಬೇಕು. ತಾರೀಕು ತಪ್ಪಿದರೆ ಆ ಕೆಲಸ ಬೇರೆಯವರ ಪಾಲಾಗುತ್ತದೆ. ದಾರಿಯಲ್ಲಿ ಕೈಕೊಡುವ ಕಾರು ಕೊಂಡರೆ ಇಷ್ಟು ವರ್ಷದ ಉಳಿತಾಯವೂ ಅದರ ಜೊತೆಗೆ ಹೋಗುತ್ತದೆ.

ಮೇ ಮೂರನೆಯ ವಾರದ ಹೊತ್ತಿಗೆ ಐದು ಹಳೆಯ ಕಾರುಗಳನ್ನು ನೋಡಿ ಬೇಡವೆಂದಿದ್ದೆ. ಆರನೆಯದು ನಾವುಂದದ ಚಂದಯ್ಯನವರದು. ಅರವತ್ತು ದಾಟಿದ ಅವರು ಬಹಳ ವರ್ಷ ಕಡಲಿಗೆ ಹೋದವರು. 2016ರ ಆರಂಭದಲ್ಲಿ ಹೊಸದಾಗಿ ಕೊಂಡ ಪೆಟ್ರೋಲ್ ಕಾರು. ಎಡಗಾಲಿಗೆ ಕ್ಲಚ್ ಒತ್ತಲು ಆಗುವುದಿಲ್ಲವೆಂದು ಈಗ ಗೇರಿಲ್ಲದ ಸ್ಕೂಟರ್ ತೆಗೆದುಕೊಂಡಿದ್ದಾರೆ. ನಾನು ಕೇಳಿದ ಕೂಡಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಪೂರ್ತಿ ದಾಖಲೆ ನನಗೆ ಕಳಿಸಲು ಹೇಳಿದರು. ಹೊಗೆ ತಪಾಸಣೆಯ ಎಂಟು ಪ್ರಮಾಣಪತ್ರಗಳನ್ನು ಅವರ ಹೆಂಡತಿ ಪುಷ್ಪ ಪ್ಲಾಸ್ಟಿಕ್ ಚೀಲವೊಂದರಿಂದ ತೆಗೆದುಕೊಟ್ಟರು.

ಸಾಲಿಗ್ರಾಮದ ಮನೆಯಲ್ಲಿ ಅವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಪಟ್ಟಿ ಮಾಡಿದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣ 2017ರಿಂದ 2020ರವರೆಗೆ 0.07, 0.09, 0.08, 0.11. ಸ್ವಲ್ಪ ಏರು, ಸ್ವಲ್ಪ ಇಳಿತ. ನಿಜವಾಗಿ ಅಳೆದದ್ದು ಹಾಗೆಯೇ ಇರುತ್ತದೆ. 2021ರಲ್ಲಿ 0.06. 2022ರಲ್ಲೂ 0.06. ಪಕ್ಕದ ಹೈಡ್ರೋಕಾರ್ಬನ್ ಅಂಕಿ ಎರಡರಲ್ಲೂ 38. ಫೋಟೊ ಕೂಡ ಒಂದೇ, ನಂಬರ್ ಪ್ಲೇಟಿನದು. ಲ್ಯಾಬಿನಲ್ಲಿ ಹೀಗೆ ಎರಡು ಫಲಿತಾಂಶ ಚಾಚೂ ತಪ್ಪದೆ ಹೊಂದಿದರೆ ನಾವು ಸಂತೋಷಪಡುವುದಿಲ್ಲ, ಯಾರು ನಕಲು ಮಾಡಿದರು ಎಂದು ಹುಡುಕುತ್ತೇವೆ.

ಸರ್ವಿಸ್ ದಾಖಲೆಯಲ್ಲೂ ಅದೇ ಕಾಲದಲ್ಲಿ ಒಂದು ಖಾಲಿ ಜಾಗವಿತ್ತು. 2021ರ ಫೆಬ್ರವರಿಯಲ್ಲಿ ಕಾರು ಓಡಿದ್ದು 38,412 ಕಿಲೋಮೀಟರ್. ಮುಂದಿನ ಸರ್ವಿಸ್ 2022ರ ಡಿಸೆಂಬರ್, 38,475. ಇಪ್ಪತ್ತೆರಡು ತಿಂಗಳಲ್ಲಿ ಅರವತ್ತಮೂರು ಕಿಲೋಮೀಟರ್. ಮೀಟರ್ ತಿರುಗಿಸಿರಬೇಕು, ಇಲ್ಲವೇ ಕಾರು ನೆರೆಯಲ್ಲಿ ಮುಳುಗಿ ಎಲ್ಲೋ ಬಿದ್ದಿರಬೇಕು. ಆ ಕಡೆ ಮಳೆಗಾಲದಲ್ಲಿ ಹೊಳೆ ಅಂಗಳಕ್ಕೆ ಬರುವುದು ಹೊಸತಲ್ಲ. ನೀರು ಕುಡಿದ ಕಾರು ಒಂದು ವರ್ಷ ಚೆನ್ನಾಗಿಯೇ ಓಡಿ, ಆಮೇಲೆ ಒಂದೊಂದೇ ತಂತಿ ಬಿಡುತ್ತದಂತೆ.

ಬೇಡವೆಂದು ಬಿಡಬಹುದಿತ್ತು. ಆದರೆ ಬಾಕಿ ಆರು ಅಂಕಿಗಳು ಇಷ್ಟು ಪ್ರಾಮಾಣಿಕವಾಗಿರುವಾಗ ಎರಡು ಮಾತ್ರ ಯಾಕೆ ಹೀಗೆ ಎಂಬ ಪ್ರಶ್ನೆ ಬಿಡಲಿಲ್ಲ. ತ್ರಾಸಿಯಲ್ಲಿ ಗ್ಯಾರೇಜಿಟ್ಟಿರುವ ಉಲ್ಲಾಸಣ್ಣನನ್ನು ಕರೆದುಕೊಂಡು ಬುಧವಾರ ಬೆಳಿಗ್ಗೆ ನಾವುಂದಕ್ಕೆ ಹೋದೆ. ಹದಿನೈದು ವರ್ಷ ಮುಂಬೈಯಲ್ಲಿ ಕಾರುಗಳ ಹೊಟ್ಟೆ ಬಗೆದವನು ಅವನು.

ಅವನು ಜಾಕ್ ಕೊಟ್ಟು ಕಾರನ್ನೆತ್ತಿ ಕೆಳಗೆ ನುಸುಳಿದ. ಐದು ನಿಮಿಷವಾದ ಮೇಲೆ ಹೊರಗೆ ಬಂದು, ಮನೆಯವರಿಗೆ ಕೇಳದಂತೆ ಮೆಲ್ಲಗೆ ಹೇಳಿದ.

“ಕಾಣಿ ರಮ್ಯಕ್ಕ, ಅಡಿಯೆಲ್ಲ ಕಪ್ಪ್ ಬಳ್ದ್ ಇಟ್ಟಿರ್. ಹಸಿ ಹಸಿ ಇತ್ತ್. ಮಾರುಕ್ ಹೊರಟವ್ರ್ ಹೀಂಗ್ ಬಳುದ್ ಎಂತಕ್ಕ್, ನಿಮ್ಗ್ ಗೊತ್ತಿತ್ತಲ್ದಾ.”

ತುಕ್ಕು ಮುಚ್ಚಲು ಎಂದು ನನಗೂ ಗೊತ್ತಿತ್ತು. ಆದರೆ ಚಂದಯ್ಯ ಅಲ್ಲಿಯೇ ಹಿಂದೆ ಬಂದು ನಿಂತಿದ್ದರು. ಅವರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

“ಅದ್ ಗೇರೆಣ್ಣೆ ಅಲ್ದಾ. ದೋಣಿಗ್ ವರ್ಷ ವರ್ಷ ಹಚ್ತ್ವಲೆ, ಇದ್ಕೂ ಹಚ್ದೆ. ಉಪ್ಪಿನ್ ಗಾಳಿಗ್ ದೋಣಿ ಆರೇನ್, ಕಾರ್ ಆರೇನ್?”

ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆಯನ್ನು ಮಳೆಗಾಲಕ್ಕೆ ಮೊದಲು ದೋಣಿಯ ಹೊಟ್ಟೆಗೆ ಬಳಿಯುವುದನ್ನು ನಾನೂ ಕಂಡಿದ್ದೇನೆ. ಕಾರಿಗೆ ಬಳಿದದ್ದನ್ನು ಕಂಡಿರಲಿಲ್ಲ. ಮಾತಿನಿಂದ ತೀರ್ಮಾನವಾಗುವ ವಿಷಯವಲ್ಲ ಇದು. ಉಲ್ಲಾಸಣ್ಣನಿಗೆ ಒಂದು ಬದಿಯಲ್ಲಿ ಬ್ಲೇಡಿನಿಂದ ಕೆರೆಯಲು ಹೇಳಿದೆ. ಉಗುರಿನಷ್ಟು ದಪ್ಪದ ಚೂರೊಂದು ಎದ್ದು ಬಂತು. ಅದರಡಿಯ ತಗಡಿನಲ್ಲಿ ಕಂಪನಿಯ ಬಣ್ಣ ಹಾಗೆಯೇ ಇತ್ತು.

ಚೂರಿನ ಅಂಚನ್ನು ಬೆಳಕಿಗೆ ಹಿಡಿದು ನನ್ನ ಚೀಲದಲ್ಲಿದ್ದ ಭೂತಗನ್ನಡಿಯಲ್ಲಿ ನೋಡಿದೆ. ಪದರ ಪದರವಾಗಿತ್ತು. ಒಂದೊಂದರ ನಡುವೆ ಮರಳಿನ ಸಣ್ಣ ಕಣಗಳ ಒಂದು ಗೆರೆ. ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ಎಣಿಸಿದೆ. ಎರಡು ಸಲವೂ ಒಂಬತ್ತು. ಕಾರು ಬಂದ ಮೇಲೆ ಇದು ಹತ್ತನೆಯ ಮೇ ತಿಂಗಳು. ನನ್ನ ಎಣಿಕೆಯನ್ನು ಹೇಳದೆ, ಒಟ್ಟು ಎಷ್ಟು ಸಲ ಹಚ್ಚಿದ್ದೀರಿ ಎಂದು ಚಂದಯ್ಯನವರನ್ನು ಕೇಳಿದೆ. ಅವರು ಬೆರಳು ಮಡಚಿ ಎಣಿಸತೊಡಗಿದರು. ಐದರ ನಂತರ ನಿಂತರು.

“ಒಂಬತ್ತ್. ಕಾಲ್ ಮುರ್ದ್ ವರ್ಷ ಹಚ್ಲಿಲ್ಲೆ. ಹಾಸ್ಗಿಯಗೆ ಇದ್ದಿದ್ದೆ.”

2021ರ ಮಾರ್ಚ್‌ನಲ್ಲಿ ದೋಣಿಯಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಎರಡು ಸಲ ಆಪರೇಷನ್ ಆಯಿತು. ಮನೆಯಲ್ಲಿ ಬೇರೆ ಯಾರಿಗೂ ಕಾರು ಬರುವುದಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ಎಳೆದು ಮೇಲಿಡುವಂತೆ ಮನೆ ಬದಿಯ ಮಾಡಿನಡಿಯಲ್ಲಿ ಮರದ ದಿಮ್ಮಿಗಳ ಮೇಲೆ ಕಾರನ್ನು ಕೂರಿಸಿ, ಚಕ್ರ ಬಿಚ್ಚಿ ಅಟ್ಟದ ಮೇಲೆ ಹಾಕಿಸಿದ್ದರಂತೆ. ಮರುವರ್ಷದ ಎಣ್ಣೆಯನ್ನು ಕಾರು ದಿಮ್ಮಿಗಳ ಮೇಲಿದ್ದಾಗಲೇ ಹಚ್ಚಿದರಂತೆ. ದಿಮ್ಮಿ ಊರಿದ ಗುರುತು ನೆಲದ ಸಿಮೆಂಟಿನಲ್ಲಿ ಇನ್ನೂ ಇತ್ತು. ನಾನು ಒಂದೇ ಅಂಕಿಯ ಆ ಎರಡು ಪತ್ರಗಳನ್ನು ಅವರ ಮುಂದಿಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು.

“ಅದ್ ಸುಳ್ಳೇ ಅಮ್ಮ. ಇನ್ಶೂರೆನ್ಸಿಗ್ ಬೇಕ್ ಅಂದ್ರ್. ಒಬ್ಬ ಬಂದ್ ಫೋಟೊ ತೆಕ್ಕಂಡ್ ಹೋಯಿ ಚೀಟಿ ತಂದ್ ಕೊಟ್ಟ. ಬ್ಯಾಡ ಅಂತ ನಾನ್ ಹೇಳ್ಲಿಲ್ಲೆ.”

ಉಲ್ಲಾಸಣ್ಣ ಸೀಟ್ ಬೆಲ್ಟುಗಳನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಹುಡುಕಿದ, ಇರಲಿಲ್ಲ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸಿಕ್ಕಿದ್ದು ಒಣ ಮರಳು ಮತ್ತು ಒಂದು ಹಿಡಿ ಒಣ ಸಿಗಡಿ. ಮೀನು ಮುಟ್ಟದ ಸಾಲಿಗ್ರಾಮದ ಮನೆಗೆ ಹೋದರೆ ಪಾಪ ಈ ಕಾರಿಗೆ ಪಥ್ಯ ಶುರುವಾಗುತ್ತದೆ ಎಂದು ಅವನು ಹೇಳಿದಾಗ ಪುಷ್ಪ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನಗೆ ನಿರಾಳವಾಗುತ್ತಿತ್ತು. ಅಷ್ಟರಲ್ಲಿ ಅವನು ಮತ್ತೆ ಕೆಳಗೆ ನುಸುಳಿ, ಈ ಸಲ ಹೊರಗೆ ಬರುವಾಗ ನಗುತ್ತಿರಲಿಲ್ಲ. ಚಂದಯ್ಯನವರನ್ನೇ ಕರೆದ.

“ಹ್ವಾಯ್ ಚಂದಯ್ಯಣ್ಣ, ಇಲ್ ಬನ್ನಿ. ದೋಣ್ಯಗೆ ರಬ್ಬರ್ ಇಲ್ಲೆ. ಕಾರಗೆ ಇತ್ತ್.”

ಎಣ್ಣೆಯನ್ನು ಅವರು ತಗಡಿಗೆ ಮಾತ್ರ ಬಳಿದಿರಲಿಲ್ಲ. ದೋಣಿಯಲ್ಲಿ ಒಂದಿಂಚೂ ಬಿಡಬಾರದು, ಬಿಟ್ಟಲ್ಲಿ ಹುಳ ಹಿಡಿಯುತ್ತದೆ. ಅದೇ ಶ್ರದ್ಧೆಯಿಂದ ಬ್ರೇಕಿನ ರಬ್ಬರ್ ಪೈಪುಗಳಿಗೂ ಚಕ್ರದ ಕೀಲುಗಳಲ್ಲಿನ ರಬ್ಬರ್ ಬುಷ್‌ಗಳಿಗೂ ಒಂಬತ್ತು ಸಲ ಹಚ್ಚಿದ್ದರು. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಬಿರುಕು ಬಿಟ್ಟಿತ್ತು. ಕೊಲ್ಲೂರಿನ ಕಡೆಯ ಇಳಿಜಾರಿನಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದ್ದರೆ ಪೈಪ್ ಒಡೆಯುತ್ತಿತ್ತು.

ನಾನು ಮೊಬೈಲಿನಲ್ಲಿ ಸರ್ವಿಸ್ ದಾಖಲೆಯನ್ನು ಮತ್ತೆ ತೆರೆದೆ. ಕೊನೆಯ ಮೂರು ಸರ್ವಿಸ್‌ಗಳ ತುದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಒಂದು ಸಾಲಿತ್ತು: ಬ್ರೇಕ್ ಪೈಪ್ ಬದಲಿಸಲು ತಿಳಿಸಿದೆ, ಮಾಲೀಕರು ಒಪ್ಪಿಲ್ಲ. ಮೂರು ಸಲವೂ ಬರೆದಿದ್ದರು. ಅಂಕಿಗಳ ಹಿಂದೆ ಬಿದ್ದ ನಾನು ಅಕ್ಷರಗಳನ್ನು ಓದಿರಲಿಲ್ಲ. ಸುಳ್ಳನ್ನು ಹಿಡಿಯುವ ಹುಮ್ಮಸ್ಸಿನಲ್ಲಿ, ಯಾರೋ ನೇರವಾಗಿ ಬರೆದಿಟ್ಟ ನಿಜ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಅದನ್ನು ಚಂದಯ್ಯನವರಿಗೆ ಓದಿ ಹೇಳಿದೆ. ಸುಮ್ಮನೆ ಖರ್ಚು ಮಾಡಿಸಲು ಹಾಗೆ ಹೇಳುತ್ತಾರೆ ಅಂದುಕೊಂಡಿದ್ದೆ, ಹೊರಗಿನಿಂದ ಪೈಪ್ ಹೊಳೆಯುತ್ತಿತ್ತಲ್ಲ ಎಂದರು. ಆಮೇಲೆ ಕೆಳಗೆ ಬಗ್ಗಲು ನೋಡಿದರು. ಕಾಲು ಬಗ್ಗಲಿಲ್ಲ. ಉಲ್ಲಾಸಣ್ಣ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ. ಅವರು ಅದನ್ನು ಬಹಳ ಹೊತ್ತು ನೋಡಿದರು.

“ಇದ್ ಸರಿ ಮಾಡ್ದೆ ನಿಮ್ಗ್ ಕೊಡುದಿಲ್ಲೆ,” ಎಂದರು. “ನೀವ್ ಬ್ಯಾಡ ಅಂದ್ರೂ ಸರಿ ಮಾಡ್ಸ್ತೆ. ಮತ್ತೊಬ್ರ್ ಕೂಕಂಬುದಲ್ದಾ.”

ನಾನು ಆಗಲೇ ಮನಸ್ಸು ಮಾಡಿದ್ದೆ. ಪೈಪು ಮತ್ತು ಬುಷ್ ಬದಲಾಗಲಿ, ಹೊಗೆ ತಪಾಸಣೆ ನನ್ನೆದುರೇ ಆಗಲಿ, ಎರಡೂ ಸರಿಯಾದರೆ ಕಾರು ನನಗೆ ಎಂದೆ.

ಶನಿವಾರ ಉಲ್ಲಾಸಣ್ಣ ಮತ್ತು ಚಂದಯ್ಯ, ಪೈಪು ಬುಷ್ ಬದಲಿಸಿದ ಕಾರನ್ನು ಹೊಗೆ ತಪಾಸಣೆಯ ಜಾಗಕ್ಕೆ ತಂದರು. ತಪಾಸಣೆಯವನು ಸೈಲೆನ್ಸರಿಗೆ ನಳಿಕೆ ತುರುಕಿದ. ಚಂದಯ್ಯ ಪರದೆಯ ಮುಂದೆ ಕೈಕಟ್ಟಿ ನಿಂತಿದ್ದರು. 0.17 ಬಂತು. ಮಿತಿ 0.30.

“ಮೊದ್ಲಿಗಿಂತ ಜಾಸ್ತಿ ಬಂತಲೆ,” ಎಂದು ಮುಖ ಸಣ್ಣ ಮಾಡಿಕೊಂಡರು.

“ಬರ್ಲಿ. ಇದ್ ಅಳ್ದದ್ದ್,” ಎಂದೆ. ಹಿಂದಿನ ಎರಡು ವರ್ಷ 0.13, 0.15. ಹತ್ತು ವರ್ಷದ ಎಂಜಿನ್ ಹೀಗೆ ಸ್ವಲ್ಪ ಸ್ವಲ್ಪವೇ ಮುದಿಯಾಗುತ್ತದೆ. ಈ ಲೆಕ್ಕದಲ್ಲಿ ಇನ್ನೂ ಕೆಲವು ವರ್ಷ ನನಗೆ ಸಾಕು.

ಕಾಗದಕ್ಕೆ ಸಹಿ ಮಾಡಿ, ಅಲ್ಲಿಂದಲೇ ಕುಂದಾಪುರದ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನ ವೇದಾವತಿ ಮೇಡಂ ಕಾರು ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು, ಒಂದನೇ ತಾರೀಕಿಗೆ ಬರುತ್ತೇನೆ ಎಂದೆ. ಹಾಗಾದರೆ ಬರೆದುಕೊಳ್ಳಿ ಎಂದರು. ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು ಬರೆದುಕೊಂಡೆ. ಮೊದಲ ಮನೆ ವಂಡ್ಸೆಯಲ್ಲಿ. ಅಪ್ಪಿ, ಎಪ್ಪತ್ತೆಂಟು ವರ್ಷ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕ್ರಿಯಾಟಿನಿನ್. ಆರೂವರೆಗೆ ಹೋಗಬೇಕು. ನಾಯಿ ಇದೆ, ಕಟ್ಟಿರುತ್ತಾರೆ.