ಹಿರುಸೆ ದ್ವೀಪದಿಂದ ಕೊನೆಯ ವಿಮಾನ

೨೦೦೬ರ ಮಾರ್ಚ್ ೩೧, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ತೊನಾನ್ ಕಮ್ಯೂಟರ್‌ನ ಕೊನೆಯ ವಿಮಾನ ಹಿರುಸೆಯಿಂದ ಮುಖ್ಯ ದ್ವೀಪದ ನಾಹಾ ನಗರಕ್ಕೆ ಹೊರಡಲು ಸಿದ್ಧವಾಗಿತ್ತು. ನಾನು ಅದರ ಸಹಪೈಲಟ್. ಕ್ಯಾಪ್ಟನ್ ಇಶಿಮಿನೆ ನನ್ನ ಎಡಗಡೆ ಕೂತು, ಗಾಳಿಯ ದಿಕ್ಕು ಮತ್ತು ಬಲ ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲವನ್ನೇ ನೋಡುತ್ತಿದ್ದರು.

ತೊನಾನ್ ಒಂದು ದೊಡ್ಡ ವಿಮಾನ ಸಂಸ್ಥೆಯ ಮರಿ ಕಂಪನಿ. ೧೯೮೭ರಲ್ಲಿ ಮೂರು ವಿಮಾನಗಳೊಂದಿಗೆ ಶುರುವಾಯಿತು. ದ್ವೀಪದ ಮದುಮಕ್ಕಳು, ಹೆರಿಗೆಗೆ ಹೊರಟ ಹೆಂಗಸರು, ಹೈಸ್ಕೂಲಿಗೆ ಹೋಗುವ ಮಕ್ಕಳು, ಮಂಜುಗಡ್ಡೆಯಲ್ಲಿಟ್ಟ ಮೀನು ಎಲ್ಲವೂ ನಮ್ಮಲ್ಲೇ ಹಾರಿದವು. ಆಮೇಲೆ ವೇಗದ ದೋಣಿ ಬಂತು. ತಾಯಿ ಕಂಪನಿ ಒಂದು ವಿಮಾನ ಮಾರಿತು, ನಾಲ್ಕು ವರ್ಷ ಬಿಟ್ಟು ಇನ್ನೊಂದು. ಉಳಿದ ಈ ವಿಮಾನವೂ ಮಾರಾಟವಾಗಿ, ಬಾಲದ ಮೇಲಿದ್ದ ನಮ್ಮ ನೀಲಿ ಹಕ್ಕಿಯ ಮೇಲೆ ಆ ವಾರವೇ ಬಿಳಿ ಬಣ್ಣ ಬಳಿದಿದ್ದರು. ಈ ಹಾರಾಟದೊಂದಿಗೆ ಕಂಪನಿಯೇ ಮುಚ್ಚುತ್ತಿತ್ತು.

ಹತ್ತೊಂಬತ್ತು ಸೀಟಿನ ವಿಮಾನ, ಎಂಟುನೂರು ಮೀಟರ್ ರನ್‌ವೇ, ಅದು ಮುಗಿದಲ್ಲಿ ಹವಳದ ಬಂಡೆ. ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬ ಪ್ರಯಾಣಿಕರೂ ಕೈಚೀಲ ಹಿಡಿದುಕೊಂಡೇ ತಕ್ಕಡಿ ಹತ್ತಬೇಕು. ಅಂಕೆ ಬೇರೆಯವರಿಗೆ ಕಾಣದಂತೆ ಸಿಬ್ಬಂದಿಯ ಕಡೆಗೆ ತಿರುಗಿರುತ್ತದೆ. ಆ ದಿನವೂ ಎಲ್ಲರನ್ನೂ ತೂಗಿದ್ದೆವು. ಇದ್ದ ಎದುರುಗಾಳಿಗೆ ಇನ್ನೂ ಅರವತ್ತು ಕಿಲೋ ಹೊರಬಹುದಿತ್ತು.

ಆದರೆ ಹಿರುಸೆಯವರು ಹೊರಟವರಿಗೆ ಉಡುಗೊರೆ ಕೊಡುವುದು ಕಟ್ಟಕಡೆಯ ಗಳಿಗೆಯಲ್ಲಿ. ಮೊದಲೇ ಕೊಟ್ಟರೆ ಬೇಗ ಹೊರಡಿ ಎಂದು ಅಟ್ಟಿದಂತೆ. ಬೇರೆ ದಿನ ಒಬ್ಬರಿಬ್ಬರು ಬೀಳ್ಕೊಡಲು ಬರುತ್ತಿದ್ದರು. ಇವತ್ತು ದ್ವೀಪವೇ ಬಂದಿತ್ತು. ಪ್ರಯಾಣಿಕರು ವಿಮಾನದತ್ತ ನಡೆಯುವಾಗ ಬೇಲಿಯ ಮೇಲಿಂದ ಕೈಗಳು ಚಾಚುತ್ತಲೇ ಇದ್ದವು. ನಾವಿಬ್ಬರೂ ಒಳಗೆ ಉಪಕರಣಗಳನ್ನು ಪರೀಕ್ಷಿಸುತ್ತಿದ್ದುದರಿಂದ ಅದನ್ನು ನೋಡಲಿಲ್ಲ.

ವಿಮಾನ ರನ್‌ವೇಯ ತುದಿಗೆ ಹೋಗಿ ತಿರುಗುವಾಗ ಹಿಂದಿನಿಂದ ಗಾಜಿಗೆ ಗಾಜು ತಾಗಿದ ಸದ್ದು ಬಂತು. ಪರದೆ ಸರಿಸಿ ನೋಡಿದೆ. ತೊಡೆಯ ಮೇಲೆ ಗಂಟುಗಳು, ಕಾಲ ಬಳಿ ಗಂಟುಗಳು, ಸೀಟುಗಳ ನಡುದಾರಿಯಲ್ಲೂ ಗಂಟುಗಳು.

"ಕ್ಯಾಪ್ಟನ್, ಎಲ್ರ ಹತ್ರಾನೂ ಏನೇನೋ ಇದೆ. ತೂಗಿದ ಮೇಲೆ ಬಂದಿರೋದು."

"ಎಷ್ಟಿದೆ ಕೇಳು, ಯೊನಾಮಿನೆ. ಒಬ್ಬೊಬ್ಬರನ್ನೂ ಕೇಳು."

ಮೊದಲ ಸಾಲಿನಲ್ಲಿದ್ದವರು ತೊಕೆಶಿ ಓಬಾ. ದ್ವೀಪದಲ್ಲಿ ಅಜ್ಜಿಯನ್ನು ಓಬಾ ಎನ್ನುತ್ತಾರೆ; ಇವರಿಗೆ ಎಂಬತ್ತು ದಾಟಿತ್ತು. ಮಗಳ ಮನೆಗೆ ಹೊರಟಿದ್ದರು.

"ಓಬಾ, ಆ ಗಂಟಲ್ಲಿ ಏನಿದೆ?"

"ಏನಿಲ್ಲ ಮಗಾ. ಚೂರು ಕಪ್ಪು ಬೆಲ್ಲ. ಕೊಟ್ಟೋರೇ ಹೇಳಿದ್ರಲ್ಲ, ಲೆಕ್ಕಕ್ಕಿಲ್ಲದ್ದು ಅಂತ."

"ತೂಕ ಎಷ್ಟಿರಬಹುದು?"

"ನನ್ನನ್ನೇ ತೂಗಿ ಆಯ್ತು. ಇನ್ನು ಬೆಲ್ಲಾನೂ ತೂಗ್ತೀಯಾ? ಒಂದು ಕಿಲೋ ಬರ್ಕೊ."

ಹಿಂದಿದ್ದ ಮೀನುಗಾರ ನಕ್ಕ. "ಓಬಾ ಹತ್ತಿದಾಗ ತಕ್ಕಡಿನೇ ಅತ್ತುಬಿಡ್ತಂತೆ."

"ಸುಮ್ನಿರೋ, ನಿನ್ನ ಹೊಟ್ಟೇನ ಹೊತ್ಕೊಂಡು ಹಾರೋದಕ್ಕೆ ಇನ್ನೊಂದು ಎಂಜಿನ್ ಬೇಕು."

ಎಲ್ಲರದೂ ಅದೇ ಉತ್ತರ. ಚೂರು ಉಪ್ಪು, ಒಂದಿಷ್ಟು ಕಡಲಪಾಚಿ, ಸುಮ್ಮನೆ ಒಂದು ಬಾಟಲಿ. ಕೊಡುವವರು ಉಡುಗೊರೆಯನ್ನು ಕ್ಷುಲ್ಲಕ ಎಂದೇ ಹೇಳಿ ಕೊಡಬೇಕು. ಪಡೆದವರು ಅದನ್ನು ದೊಡ್ಡದೆಂದು ಇನ್ನೊಬ್ಬರ ಮುಂದೆ ಹೇಳಿದರೆ ಜಂಬ. ಬೇಲಿಯ ಹತ್ತಿರ ಇಡೀ ಊರು ನಿಂತು ನೋಡುತ್ತಿರುವಾಗ ಗಂಟನ್ನು ಕೆಳಗಿಳಿಸುವುದಂತೂ ಯಾರಿಂದಲೂ ಆಗದ ಮಾತು. ಅವರು ಹೇಳಿದ್ದನ್ನೆಲ್ಲ ಕೂಡಿಸಿದೆ. ಮೂವತ್ತೆಂಟು ಕಿಲೋ.

"ಮಿತಿಯೊಳಗಿದೆ," ಎಂದೆ.

ಕ್ಯಾಪ್ಟನ್ ಗಾಳಿಚೀಲವನ್ನು ಇನ್ನೊಮ್ಮೆ ನೋಡಿದರು. ಅದು ಎದುರುಗಾಳಿ ತುಂಬಿಕೊಂಡು ನೆಲಕ್ಕೆ ಸಮನಾಗಿ ನಮ್ಮತ್ತ ಚಾಚಿತ್ತು. "ಹೊರಡೋಣ," ಎಂದರು.

ಎಂಜಿನ್‌ಗಳು ಪೂರ್ತಿ ಶಕ್ತಿಗೆ ಏರಿದವು. ಬ್ರೇಕ್ ಬಿಟ್ಟಾಗ ವಿಮಾನ ಒಂದು ಕ್ಷಣ ಅಲ್ಲೇ ಇದ್ದಂತೆ ಅನಿಸಿತು, ಆಮೇಲೆ ಚಲಿಸಿತು. ಹಿಂದೆ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ವೇಗದ ಮುಳ್ಳು ಏರಬೇಕಾದಷ್ಟು ಚುರುಕಾಗಿ ಏರಲಿಲ್ಲ. ಅರ್ಧಕ್ಕೂ ಹೆಚ್ಚು ದಾರಿ ಸವೆಸಿದ್ದೆವು. ಆಗ ಗಾಳಿಚೀಲ ಬಾಗಿತು. ನೋಡುತ್ತಿದ್ದಂತೆಯೇ ಪೂರ್ತಿ ಜೋತುಬಿತ್ತು.

ಎದುರುಗಾಳಿ ಇಲ್ಲವೆಂದರೆ ಅಷ್ಟೇ ವೇಗಕ್ಕೆ ಹೆಚ್ಚು ನೆಲ ಬೇಕು. ಆ ನೆಲ ನಮ್ಮ ಮುಂದೆ ಇರಲಿಲ್ಲ.

"ನಿಲ್ಲಿಸೋಣ್ವಾ?" ಎಂದೆ.

"ಆಗಲ್ಲ. ಜಾಗ ಸಾಲಲ್ಲ," ಎಂದರು ಕ್ಯಾಪ್ಟನ್. "ವೇಗ ಹೇಳ್ತಾ ಇರು. ಏಳೋಕೆ ಎಂಬತ್ತೈದು ನಾಟ್ ಬೇಕು."

ಹೇಳುತ್ತಾ ಹೋದೆ. ಅಷ್ಟರಲ್ಲಿ ಹಿಂದೆ ಬಾಟಲಿಗಳು ಉರುಳುವ ಸದ್ದಾಯಿತು. ನಡುದಾರಿಯಲ್ಲಿಟ್ಟ ಗಂಟುಗಳು ಬಾಲದ ಕಡೆ ಜಾರುತ್ತಿದ್ದವು. ವೇಗ ಇನ್ನೂ ಸಾಲದು, ಆದರೆ ಬಾಲ ಭಾರವಾಗಿ ವಿಮಾನದ ಮೂಗು ತಾನಾಗಿಯೇ ಏಳತೊಡಗಿತು. ಈಗ ಎದ್ದರೆ ರೆಕ್ಕೆಗೆ ಬಲ ಸಿಗದೆ ಬಂಡೆಯ ಮೇಲೆ ಬೀಳುತ್ತೇವೆ. ಕ್ಯಾಪ್ಟನ್ ಎರಡೂ ಕೈಯಿಂದ ನಿಯಂತ್ರಣದ ಹಿಡಿಯನ್ನು ಮುಂದಕ್ಕೆ ಒತ್ತಿದರು. ನಾನೂ ಕೈ ಕೊಟ್ಟೆ.

ಚಪ್ಪಾಳೆ ನಿಂತಿತ್ತು. ಕಿಟಕಿಯಿಂದ ಅವರಿಗೂ ಕಾಣುತ್ತಿತ್ತು. ತೊಕೆಶಿ ಓಬಾ ನನ್ನ ಕಿವಿಯತ್ತ ಬಾಗಿ, "ಮಗಾ, ಬೆಲ್ಲ ಐದು ಕಿಲೋ ಇದೆ," ಎಂದರು. ಆ ಹಿಂದೆಯೇ ಮೀನುಗಾರ, "ನಂದು ಹನ್ನೆರಡು," ಎಂದ. ಒಬ್ಬೊಬ್ಬರಾಗಿ ಎಲ್ಲರೂ ಹೇಳತೊಡಗಿದರು. ಕೂಡಿಸುವ ಹೊತ್ತು ಮೀರಿತ್ತು.

ರನ್‌ವೇಯ ಕೊನೆಯ ಬಿಳಿ ಪಟ್ಟೆಗಳು ಮೂಗಿನ ಕೆಳಗೆ ಬಂದವು. ಅವುಗಳ ಆಚೆ ನೊರೆ.

"ಎಂಬತ್ತೈದು," ಎಂದೆ.

ಕ್ಯಾಪ್ಟನ್ ಕೈ ಸಡಿಲಿಸಿದರು. ಚಕ್ರಗಳ ಗಡಗಡ ನಿಂತಿತು. ಬಂಡೆ ನಮ್ಮ ಕೆಳಗೆ ಹಾದುಹೋಯಿತು, ಅದರ ಮೇಲೆ ಗಾಳ ಹಾಕುತ್ತಿದ್ದವನೊಬ್ಬ ಅಂಗಾತ ಬಿದ್ದದ್ದು ಕಂಡಿತು. ನೀರಿನ ಮೇಲೆ ಬಹಳ ಹೊತ್ತು ತಗ್ಗಿನಲ್ಲೇ ಹಾರಿದೆವು. ಮೇಲೇರಲು ಕ್ಯಾಪ್ಟನ್‌ಗೂ ಧೈರ್ಯವಿರಲಿಲ್ಲ, ವಿಮಾನಕ್ಕೂ ಶಕ್ತಿ ಇರಲಿಲ್ಲ. ಇಂಧನ ಉರಿದು ಭಾರ ಇಳಿದಂತೆ ಮೆಲ್ಲನೆ ಎತ್ತರ ಸಿಕ್ಕಿತು.

ನಾಹಾದಲ್ಲಿ ಗಂಟುಗಳನ್ನು ಸಾಗಿಸಲು ಎರಡು ಗಾಡಿ ಬೇಕಾದವು. ಪ್ರಯಾಣಿಕರು ಒಬ್ಬೊಬ್ಬರೂ ಇಳಿಯುವಾಗ ನಮಗೆ ಬಾಗಿ ವಂದಿಸಿದರು. ಯಾರೂ ಮುಖ ಎತ್ತಲಿಲ್ಲ. ಕ್ಯಾಪ್ಟನ್ ಇಶಿಮಿನೆ ಸೀಟಿನಿಂದ ಏಳಲು ತಡಮಾಡಿದರು.

ಹಿರುಸೆಯ ನಿಲ್ದಾಣದವರು ಸಂಜೆ ರನ್‌ವೇಯ ತುದಿಗೆ ಹೋಗಿ ಅಳೆದರಂತೆ. ಅಲ್ಲಿ ಸಮುದ್ರದ ಮರಳು ತೆಳ್ಳಗೆ ಹರಡಿತ್ತು, ಟೈರಿನ ಗೆರೆಗಳು ಎಲ್ಲಿ ಮುಗಿದವೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿಂದ ಅಂಚಿಗೆ ಆರು ಮೀಟರ್ ನಲವತ್ತು ಸೆಂಟಿಮೀಟರ್.