ಹತ್ತಲಾಗದ ಗಾಡಿ

ಆ ಶೆಡ್ಡಿನಲ್ಲಿ ಕಟ್ಟುವುದು ಅಕ್ಕನ ಕೆಲಸ, ಮಾತಾಡುವುದು ತಮ್ಮನ ಕೆಲಸ. ಬಂಡೆ, ಹಳ್ಳ, ಕೆಸರು ಯಾವುದಕ್ಕೂ ಜಗ್ಗದ ಆಫ್‌ರೋಡ್ ಗಾಡಿಗಳನ್ನು ಗಿರಾಕಿಯ ಇಷ್ಟದಂತೆ ಕಟ್ಟಿಕೊಡುವುದು ಅವರ ಕಸುಬು. ಹಳೆಯ ಜೀಪೋ ವ್ಯಾನೋ ಒಳಗೆ ಬರುತ್ತಿತ್ತು. ಕೆಲವು ತಿಂಗಳ ಮೇಲೆ ದೊಡ್ಡ ಟೈರು, ಎತ್ತರಿಸಿದ ಮೈ, ತಲೆಯ ಮೇಲೊಂದು ಮಡಚುವ ಡೇರೆ ಹೊತ್ತು ಬೇರೆಯೇ ಪ್ರಾಣಿಯಾಗಿ ಹೊರಗೆ ಹೋಗುತ್ತಿತ್ತು. ಅಕ್ಕ ಒಮ್ಮೆ ಗಾಡಿಯ ಕೆಳಗೆ ನುಸುಳಿದಳೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ. ತಮ್ಮ ಮುಂದಿನ ಗಾಜಿನ ಕೋಣೆಯಲ್ಲಿ ಗಿರಾಕಿಗಳ ಎದುರು ಕೂತು, ಅವರು ಕನಸು ಬಿಚ್ಚುತ್ತಾ ಹೋದಂತೆ ತಲೆಯಾಡಿಸುತ್ತಿದ್ದ.

ಕೆಲಸದವರು ಅವನಿಗೆ 'ಆಯ್ತುಬಿಡಿ' ಎಂದು ಹೆಸರಿಟ್ಟಿದ್ದರು. ಗಿರಾಕಿ ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಅದೇ ಮಾತು. ಗಾಡಿ ಆನೆಯಂತೆ ಎತ್ತರ ಇರಬೇಕು, ಬೆಕ್ಕಿನಂತೆ ನುಸುಳಬೇಕು, ತೊಟ್ಟಿಲಿನಂತೆ ತೂಗಬೇಕು ಎಂದರೂ "ಆಯ್ತು ಬಿಡಿ." ಅವನು ಮೋಸಗಾರನಲ್ಲ. ಎದುರಿಗೆ ಕೂತವರ ಮುಖ ಬಾಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೆ. ಆಗದ್ದನ್ನು ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ. ಆ 'ಆಮೇಲೆ' ಬರುವ ಹೊತ್ತಿಗೆ ಸಾಮಾನ್ಯವಾಗಿ ಅಕ್ಕ ಹೇಗೋ ಏನೋ ಒಂದು ದಾರಿ ಹುಡುಕಿರುತ್ತಿದ್ದಳು.

ಟವರಿನವರು ಬಂದದ್ದು ಬೇಸಿಗೆಯ ಕೊನೆಯಲ್ಲಿ. ಬೆಟ್ಟಗಳ ಮೇಲೆ ವಿದ್ಯುತ್ ಟವರುಗಳನ್ನು ನಿಲ್ಲಿಸುವ ಕೆಲಸದಲ್ಲಿ ಇಡೀ ಪ್ರಾಯ ಕಳೆದು ನಿವೃತ್ತರಾದವರು. ಗಟ್ಟಿ ಆಳು, ಗಟ್ಟಿ ದನಿ. ಅವರ ಹೆಂಡತಿ ಅಷ್ಟೂ ವರ್ಷ ಊರಿನಲ್ಲೇ ಇದ್ದವರು. ಗಂಡ ಫೋನಿನಲ್ಲಿ ವರ್ಣಿಸಿದ ಬೆಟ್ಟಗಳನ್ನು ಕೇಳಿದ್ದರೇ ಹೊರತು ಒಂದನ್ನೂ ಕಂಡಿರಲಿಲ್ಲ. ರಿಟೈರಾದ ಮೇಲೆ ತೋರಿಸುತ್ತೇನೆ ಎಂದು ಗಂಡ ಹೇಳುತ್ತಾ ಬಂದಿದ್ದರು. ರಿಟೈರಾಗುವ ಹೊತ್ತಿಗೆ ಆಕೆಗೆ ಕಾಯಿಲೆ ಬಂದು ಕಾಲುಗಳ ಬಲ ಹೋಯಿತು, ಗಾಲಿಕುರ್ಚಿಯೇ ಗತಿಯಾಯಿತು.

"ನಾನು ಮೊದಲನೇ ಟವರ್ ನಿಲ್ಲಿಸಿದ ಜಾಗಕ್ಕೆ ಅವಳನ್ನ ಕರ್ಕೊಂಡು ಹೋಗ್ಬೇಕು. ತುದೀವರೆಗೂ. ದಾರಿ ಅಂತ ಏನಿಲ್ಲ, ಬರೀ ಬಂಡೆ. ಹಳ್ಳ ಬೇರೆ ಇದೆ," ಎಂದರು. "ಗಾಡಿ ಹತ್ಬೇಕು, ಅವಳ ಬೆನ್ನು ಕುಲುಕಬಾರ್ದು, ಹತ್ತಿದ ಮೇಲೆ ಹಿಂದುಗಡೆ ಮಲಗಿಸ್ಕೊಂಡು ಹೋಗ್ತೀನಿ. ರಾತ್ರಿ ಅಲ್ಲೇ ಮಲಗೋ ಹಾಗಿರ್ಬೇಕು. ಮತ್ತೆ ಅವಳು ಆರಾಮಾಗಿ ಹತ್ತಿ ಇಳಿಯೋ ಹಾಗಿರ್ಬೇಕು."

ತಮ್ಮ ಅದೇ ವಾರ ಒಂದು ವಿಡಿಯೋ ನೋಡಿದ್ದ: ಸೀಟು ತಾನಾಗಿ ಬಾಗಿಲ ಕಡೆ ತಿರುಗಿ, ಹೊರಗೆ ಬಂದು, ನೆಲದ ಹತ್ತಿರಕ್ಕೆ ಇಳಿದು ಕೂತವರನ್ನು ಎತ್ತಿಕೊಳ್ಳುತ್ತಿತ್ತು. ಅದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದ. ಟವರಿನವರ ಕಣ್ಣು ಅರಳಿತು. "ಇದನ್ನ ಹಾಕ್ಬಹುದಾ?"

"ಆಯ್ತು ಬಿಡಿ, ಸಾರ್."

ಒಳಗೆ ಹೋಗಿ ಅಕ್ಕನಿಗೆ ಹೇಳಿದಾಗ ಅವಳು ಗ್ರೈಂಡರ್ ಆರಿಸಿ ಎದ್ದು ನಿಂತಳು. "ಬಂಡೆ ಹತ್ಬೇಕು ಅಂದ್ರೆ ಗಾಡಿ ಮೇಲೇಳ್ಬೇಕು. ಗಾಡಿ ಮೇಲೆದ್ರೆ ಬಾಗಿಲೂ ಮೇಲೇಳುತ್ತೆ. ಡೇರೆ, ನೀರಿನ ಟ್ಯಾಂಕು ಎಲ್ಲಾ ಹೊರೋಕೆ ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಕುಲುಕುತ್ತೆ. ಒಂದು ಬೇಕಂದ್ರೆ ಇನ್ನೊಂದು ಬಿಡ್ಬೇಕು. ಆ ಅಮ್ಮ ಹತ್ತುತ್ತಾರಾ, ಅದು ಹೇಳು ಮೊದಲು."

ತಿರುಗುವ ಸೀಟಿನ ವಿಷಯ ಅವನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅಕ್ಕ 'ಈ ಗಾಡಿಗೆ ಅದು ಕೂರಲ್ಲ' ಎನ್ನುತ್ತಾಳೆ, ಆಗ ತಾನು ಮತ್ತೆ ಹೊರಗೆ ಹೋಗಿ ಆ ಅರಳಿದ ಕಣ್ಣುಗಳಿಗೆ ಅದನ್ನು ಹೇಳಬೇಕು. "ಮೆಟ್ಟಿಲು ಇದ್ರೆ ಸಾಕಂತೆ," ಎಂದ. "ಸ್ವಲ್ಪ ಕೈ ಕೊಟ್ರೆ ಹತ್ತುತ್ತಾರಂತೆ."

ಅಕ್ಕ ಅದನ್ನು ನಂಬಿ ಕಟ್ಟಿದಳು.

ಮುಂದಿನ ತಿಂಗಳುಗಳಲ್ಲಿ ಟವರಿನವರು ಫೋನ್ ಮಾಡಿದಾಗಲೆಲ್ಲ ತಮ್ಮ ಗಾಡಿಯನ್ನು ಬಣ್ಣಿಸಿದ. ಸೀಟು? ಆರ್ಡರ್ ಹೋಗಿದೆ. ಸೀಟು? ದಾರಿಯಲ್ಲಿದೆ. ಫೋನ್ ಇಟ್ಟ ಮೇಲೆ ಎದೆಯಲ್ಲಿ ಏನೋ ಕುಟುಕುತ್ತಿತ್ತು. ಇನ್ನೊಬ್ಬ ಗಿರಾಕಿ ಒಳಗೆ ಬಂದರೆ ಮರೆತುಹೋಗುತ್ತಿತ್ತು.

ಗಾಡಿ ಒಪ್ಪಿಸುವ ದಿನ ಬಂತು. ತಮ್ಮ ಬೆಳಿಗ್ಗೆಯೇ ಬಂದು ಅದನ್ನು ತೊಳೆಸಿ ಒರೆಸಿ ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಟವರಿನವರು ಹೆಂಡತಿಯನ್ನು ಕರೆದುಕೊಂಡು ಬಂದರು. ನೋಡಲೆಂದು ಪಕ್ಕದ ಮನೆಯ ಗಂಡಹೆಂಡತಿಯೂ ಜೊತೆಗೆ ಬಂದಿದ್ದರು. ಇಲ್ಲಿಂದಲೇ ಸೀದಾ ಬೆಟ್ಟಕ್ಕೆ ಹೊರಡುವುದೆಂದು ಚೀಲಗಳನ್ನೆಲ್ಲ ಕಟ್ಟಿಕೊಂಡೇ ಬಂದಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ಆಕೆ ಮಾತ್ರ ಹೊಸದೊಂದು ಉಣ್ಣೆಯ ಸ್ವೆಟರ್ ತೊಟ್ಟು ಗಾಲಿಕುರ್ಚಿಯಲ್ಲಿ ಬೆವರುತ್ತಾ ಕೂತಿದ್ದರು. ಮೇಲೆ ಚಳಿ ಇರುತ್ತದೆಂದು ಗಂಡ ಹೇಳಿದ್ದರಂತೆ.

ತಮ್ಮನ ಕಣ್ಣು ಆ ಸ್ವೆಟರಿನ ಮೇಲೆ ಬಿತ್ತು. ಹೇಳಲು ಆಗಲೂ ಹೊತ್ತಿತ್ತು. ಅವನು ಬಾಗಿಲು ತೆರೆದು "ಬನ್ನಿ ಬನ್ನಿ" ಎಂದ.

ಬಾಗಿಲ ಕೆಳ ಅಂಚು ಕುರ್ಚಿಯಲ್ಲಿ ಕೂತ ಆಕೆಯ ತಲೆಯ ಮಟ್ಟಕ್ಕಿತ್ತು. ಕೆಳಗೆ ಅಕ್ಕ ಕೂರಿಸಿದ್ದ ಕಬ್ಬಿಣದ ಮೆಟ್ಟಿಲು. ಟವರಿನವರು ಒಳಗೆ ಇಣುಕಿ ನೋಡಿದರು. "ತಿರುಗೋ ಸೀಟ್ ಎಲ್ಲಿ?"

"ಅದು ಬರ್ತಾ ಇದೆ ಸಾರ್. ಸದ್ಯಕ್ಕೆ ಮೆಟ್ಟಿಲು. ನಮ್ಮೋರು ಕೈ ಕೊಡ್ತಾರೆ."

ಎಲ್ಲರೂ 'ಮೀಸೆ' ಎಂದೇ ಕರೆಯುವ ಫಿಟ್ಟರನ್ನು ತಮ್ಮ ಕೂಗಿ ಕರೆದ. ಟವರಿನವರು ಒಂದು ಕಡೆ, ಮೀಸೆ ಒಂದು ಕಡೆ ಹಿಡಿದು ಆಕೆಯನ್ನು ಎತ್ತಿದರು. ಒಂದು ಚಪ್ಪಲಿ ಕಳಚಿ ಬಿತ್ತು. ಆಕೆ ಬಾಗಿಲ ಅಂಚಿನವರೆಗೂ ಹೋಗಿ, ಅರ್ಧ ಒಳಗೆ ಅರ್ಧ ಹೊರಗೆ, ಅಲ್ಲೇ ಸಿಕ್ಕಿಕೊಂಡರು. ಸ್ವೆಟರ್ ಬಾಗಿಲ ಕೊಂಡಿಗೆ ಸಿಕ್ಕಿ ಬೆನ್ನಿನವರೆಗೂ ಮೇಲೆದ್ದಿತು. ಅದನ್ನು ಕೆಳಗೆಳೆದುಕೊಳ್ಳಲು ಆಕೆಗೆ ಕೈ ಬಿಡುವಿರಲಿಲ್ಲ. ಮೀಸೆಯ ಹಿಡಿತ ಜಾರಿತು. ಆಕೆ ಮೂಟೆಯಂತೆ ಒಂದು ಪಕ್ಕಕ್ಕೆ ವಾಲಿದರು. ವಿಡಿಯೋ ಮಾಡುತ್ತಿದ್ದ ಪಕ್ಕದ ಮನೆಯವರು ಫೋನನ್ನು ಮೆಲ್ಲಗೆ ಕೆಳಗಿಳಿಸಿ ಬೇರೆ ಕಡೆ ತಿರುಗಿದರು.

ಆಕೆ ನಕ್ಕುಬಿಟ್ಟರು. ಎಲ್ಲರ ಮಾನ ಉಳಿಸಲು ನಕ್ಕ ನಗು ಅದು. "ಸಾಕು ರೀ, ಇಳಿಸಿ ನನ್ನ," ಎಂದರು.

ಕುರ್ಚಿಯಲ್ಲಿ ಕೂತ ಮೇಲೆ ಟವರಿನವರೇ ಬಗ್ಗಿ ಹೆಂಡತಿಯ ಕಾಲಿಗೆ ಚಪ್ಪಲಿ ಹಾಕಿದರು. ಆಮೇಲೆ ಎದ್ದು ಕೇಳಿದರು: "ಏನಿದು? ಮನುಷ್ಯರು ಹತ್ತೋಕಾಗ್ದೇ ಇರೋ ಗಾಡಿ ಕಟ್ಟಿದ್ದೀರಾ? ಆ ಸೀಟ್ ಎಲ್ಲಿ?"

"ಯಾವ ಸೀಟು?" ಎಂದಳು ಗದ್ದಲ ಕೇಳಿ ಶೆಡ್ಡಿನೊಳಗಿಂದ ಬಂದ ಅಕ್ಕ.

ಅಕ್ಕ ತಮ್ಮನ ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಲು ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಮತ್ತೆ ಟವರಿನವರ ಕಡೆ ತಿರುಗಿ, "ಗಾಡಿ ಕಟ್ಟಿದ್ದು ನಾನು ಸಾರ್. ಅಳತೆ ತಪ್ಪಿದ್ದೂ ನಂದೇ," ಎಂದಳು.

ಟವರಿನವರು ಅವಳ ಮೇಲೆ ಹರಿಹಾಯ್ದರು. ಇಷ್ಟು ತಿಂಗಳು ಏನು ಕಡಿದು ಗುಡ್ಡೆ ಹಾಕಿದಿರಿ, ಕಾಲಿಗೆ ಬಲ ಇಲ್ಲದವರು ಹೇಗೆ ಹತ್ತುತ್ತಾರೆ ಅನ್ನುವಷ್ಟೂ ತಲೆಯಲ್ಲಿ ಇರಲಿಲ್ಲವಾ, ನಿಮಗೆ ಗೊತ್ತಿರುವುದು ಕಬ್ಬಿಣ ಸುಡೋದು ಮಾತ್ರವಾ. ಅಕ್ಕ ಕೈಗವಸು ಹಿಡಿದುಕೊಂಡು ಕೇಳಿಸಿಕೊಂಡಳು. ತಮ್ಮ ಅವಳ ಪಕ್ಕದಲ್ಲೇ ನಿಂತಿದ್ದ. ಬಾಯಿ ತೆರೆಯಬೇಕು, ಈಗ ತೆರೆಯಬೇಕು ಎಂದುಕೊಳ್ಳುತ್ತಲೇ ನಿಂತಿದ್ದ. ಊರೆಲ್ಲ ಮಾತಾಡುವ ಅವನ ಬಾಯಿ ಆ ಹೊತ್ತು ಹೊಲಿದಂತಿತ್ತು. ಅವರು ಹೊರಟುಹೋದರು, ಗಾಡಿ ಅಲ್ಲೇ ಉಳಿಯಿತು.

ಮಧ್ಯಾಹ್ನ ಅಕ್ಕ ಉಣ್ಣಲು ಕೂತಾಗ ಅವನು ಎದುರಿಗೆ ಹೋಗಿ ನಿಂತ.

"ಅಕ್ಕ..."

"ಸುಳ್ಳು ಹೇಳಿದ್ದಕ್ಕಲ್ಲ ನಂಗೆ ಬೇಜಾರು," ಎಂದಳು ತಲೆ ಎತ್ತದೆ. "ಇವತ್ತು ಅವರು ಬರ್ತಾರೆ ಅಂತ ನಿಂಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆಯಿಂದ ಗಾಡಿ ತೊಳೆಸ್ತಾ ನಿಂತಿದ್ದೆ. ಏನಾಗುತ್ತೆ ಅಂದ್ಕೊಂಡಿದ್ದೆ ನೀನು?"

"ಹೇಗೋ ಆಗುತ್ತೆ ಅಂದ್ಕೊಂಡೆ."

"ಹೇಗೋ ಅಂದ್ರೆ ಯಾರು? ನಾನಾ?"

ಹೌದು, ಅವಳೇ. ಇಷ್ಟು ವರ್ಷ ಅವನು 'ಹೇಗೋ' ಎಂದಾಗಲೆಲ್ಲ ಅದರ ಅರ್ಥ ಅಕ್ಕ ಎಂದೇ ಆಗಿತ್ತು. ಅವಳು ಅನ್ನ ಬಿಟ್ಟು ಎದ್ದು ಕೈ ತೊಳೆದಳು.

ಮಾರನೆಯ ಬೆಳಿಗ್ಗೆ ಅವನು ಟವರಿನವರ ಮನೆಗೆ ಹೋದ. ಬಾಗಿಲು ತೆರೆದದ್ದು ಆಕೆ. ಗಾಲಿಕುರ್ಚಿ ತಿರುಗಲೆಂದು ಸೋಫಾ, ಮೇಜುಗಳನ್ನೆಲ್ಲ ಗೋಡೆಗೆ ಒತ್ತಿ ಮನೆಯ ನಡುವೆ ಜಾಗ ಬಿಟ್ಟಿದ್ದರು. ಸ್ವೆಟರ್ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಕೊಂಡಿಗೆ ಸಿಕ್ಕಿದಲ್ಲಿ ಎಳೆ ಎದ್ದಿತ್ತು. ಅದನ್ನು ನೋಡದಿರಲು ಅವನು ಸೋಫಾದ ಅಂಚಿನಲ್ಲಿ ಕೂತು ನೆಲ ನೋಡುತ್ತಾ ಹೇಳಿದ:

"ಸೀಟು ನಾನು ಆರ್ಡರೇ ಮಾಡಿಲ್ಲಮ್ಮ. ಅದು ಆ ಗಾಡಿಗೆ ಆಗುತ್ತೋ ಇಲ್ವೋ ಅಂತಾನೂ ಕೇಳಿಲ್ಲ. ಅಕ್ಕನ ಹತ್ರ ನೀವು ಮೆಟ್ಟಿಲು ಹತ್ತುತ್ತೀರಿ ಅಂತ ಸುಳ್ಳು ಹೇಳಿದ್ದೆ. ಅವಳದ್ದೇನೂ ತಪ್ಪಿಲ್ಲ."

ಒಳಕೋಣೆಯ ಬಾಗಿಲಲ್ಲಿ ಟವರಿನವರು ನಿಂತಿದ್ದರು. ಕೂಗಾಡುತ್ತಾರೆಂದು ಅವನು ಕಾದ. ಅವರು ಕೂಗಲಿಲ್ಲ. "ನಿನ್ನೆ ಆ ಹೆಣ್ಣುಮಗಳಿಗೆ ನಾನು ಬಾಯಿಗೆ ಬಂದ ಹಾಗೆ ಅಂದೆ," ಎಂದರು. "ನೀನು ಪಕ್ಕದಲ್ಲೇ ನಿಂತಿದ್ದೆ."

ಅಲ್ಲಿಯವರೆಗೆ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅವರು. ಆ ಒಂದು 'ನೀನು' ಕಪಾಳಕ್ಕೆ ಹೊಡೆದಂತೆ ತಗುಲಿತು. ಅದರಲ್ಲಿ ಸಲಿಗೆ ಇರಲಿಲ್ಲ.

ಆಕೆ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಹೇಳಿದರು: "ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸಕ್ಕಿದ್ದೆ. ಬೇರೆ ಊರಿಗೆ ಮಾತಾಡ್ಬೇಕು ಅಂತ ಅಳ್ತಾ ಫೋನ್ ಮಾಡೋರು. ಈಗ ಲೈನ್ ಕೊಡ್ತೀನಿ, ಈಗ ಕೊಡ್ತೀನಿ ಅಂತಿದ್ದೆ. ಲೈನೇ ಇರ್ತಿರ್ಲಿಲ್ಲ. ಒಬ್ಬರಿಗೆ ಹಾಗೇ ಸಂಜೆವರೆಗೂ ಹೇಳಿದೆ. ಇಲ್ಲ ಅಂದಿದ್ರೆ ಅವರು ಬಸ್ಸು ಹಿಡಿದಾದ್ರೂ ಹೋಗ್ತಿದ್ರು, ತಮ್ಮೋರು ಮಲಗಿದ್ದ ಆಸ್ಪತ್ರೆಗೆ. ನಿಮ್ಮ ಥರಾನೇ, ಒಳ್ಳೆ ಮನಸ್ಸಿಂದಾನೇ ಹೇಳಿದ್ದು."

ಸಮಾಧಾನದ ಮಾತಿನಂತೆ ಅದು ಶುರುವಾಗಿತ್ತು. ಅವನಿಗೆ ಮಾತ್ರ ಕೂತಲ್ಲೇ ಕುಗ್ಗಿಹೋಗುವಂತಾಯಿತು.

"ಇನ್ನೊಂದು ವಿಷಯ," ಎಂದು ಆಕೆ ಗಂಡನ ಕಡೆ ತಿರುಗಿದರು. "ತುದಿಗೆ ಹೋಗ್ಬೇಕು ಅಂತ ನಾನು ಹೇಳಿದ್ನಾ? ಹಿಂದುಗಡೆ ಸಾಮಾನಿನ ಜೊತೆ ನನ್ನ ಮಲಗಿಸ್ಕೊಂಡು ಹೋಗೋ ಪ್ಲ್ಯಾನು ನಿಮ್ದು. ಮಲಗಿದ್ರೆ ಗಾಡಿ ಸೂರು ಕಾಣುತ್ತೆ, ಬೆಟ್ಟ ಎಲ್ಲಿ ಕಾಣುತ್ತೆ? ನಂಗೆ ಮುಂದೆ, ನಿಮ್ಮ ಪಕ್ಕ ಕೂರ್ಬೇಕು. ಅಷ್ಟೇ."

ಟವರಿನವರು ಗೋಡೆಗೊರಗಿ ಕೂತುಬಿಟ್ಟರು. "ನೀನು ಹೇಳ್ಲೇ ಇಲ್ಲ," ಎಂದರು.

"ನೀವು ಕೇಳಿದ್ರೆ ತಾನೆ. ಅಷ್ಟು ಖುಷಿಯಾಗಿದ್ರಿ."

ಆ ಕೋಣೆಯಲ್ಲಿ ಈಗ ತಲೆ ತಗ್ಗಿಸಿ ಕೂತವರು ಇಬ್ಬರಾದರು. ಕೊನೆಗೆ ಟವರಿನವರೇ ಕೇಳಿದರು, "ಈಗ ನಿಜ ಹೇಳು. ಏನಾಗುತ್ತೆ?"

"ತುದಿಗೆ ಆಗಲ್ಲ," ಎಂದ. "ಹಳ್ಳ ದಾಟೋದೂ ಆಗಲ್ಲ, ನೀರು ಜಾಸ್ತಿ ಇದ್ರೆ. ಮೇಲಿನ ಡೇರೆ ಇರಲ್ಲ. ಮಿಕ್ಕಿದ್ದು ನಂಗೆ ಗೊತ್ತಿಲ್ಲ. ಅಕ್ಕ ಬಂದು ನೋಡ್ಬೇಕು."

ಟವರಿನವರ ಮುಖ ಬಾಡಿತು. ಅದನ್ನು ನೋಡುತ್ತಾ ಅವನು ಅಲ್ಲೇ ಕೂತಿದ್ದ.

ಅಕ್ಕ ಬಂದಳು. ಬಾಗಿಲಲ್ಲೇ ಟವರಿನವರು ಕೈ ಮುಗಿದು ಕ್ಷಮೆ ಕೇಳಿದರು, ಅವಳಿಗೆ ಏನು ಹೇಳಬೇಕೆಂದು ತೋಚದೆ "ಕುರ್ಚಿ ಎಲ್ಲಿದೆ?" ಎಂದು ಕೇಳಿದಳು. ಆಕೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕುರ್ಚಿಯ ಅಗಲ ಅಳೆದಳು, ಕೂತಾಗ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ಪಕ್ಕ ನೋವು, ಯಾವ ಕೈಗೆ ಬಲ ಹೆಚ್ಚು ಎಲ್ಲವನ್ನೂ ಕೇಳಿಕೊಂಡಳು. ಇಬ್ಬರೂ ಬೇಗ ಹೊಂದಿಕೊಂಡರು. ತಮ್ಮ ಟೇಪಿನ ತುದಿ ಹಿಡಿದು ನಿಂತಿದ್ದ.

ಕಟ್ಟಿದ್ದನ್ನು ಬಿಚ್ಚುವ ಮೊದಲು ಅವನಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಅಕ್ಕ ಅಳತೆ ತಪ್ಪಿದಳೆಂದೇ ಶೆಡ್ಡಿನ ಕೆಲಸದವರೆಲ್ಲ ತಿಳಿದಿದ್ದರು. ಟೀ ಹೊತ್ತಿನಲ್ಲಿ ಅವರ ನಡುವೆ ನಿಂತು ನಡೆದದ್ದನ್ನು ಹೇಳಿದ. ಬೈಗುಳ, ನಗು, ಗೇಲಿ ಯಾವುದಕ್ಕಾದರೂ ಸರಿ, ತಯಾರಾಗಿದ್ದ. ಮೀಸೆ ಲೋಟ ಕೆಳಗಿಟ್ಟ.

"ನನ್ನ ಕೈ ಜಾರಿದ್ದಕ್ಕೇ ಹಾಗಾಯ್ತು ಅಂದ್ಕೊಂಡಿದ್ದೆ," ಎಂದ. "ನಿದ್ದೇನೇ ಬಂದಿಲ್ಲ ನಂಗೆ. ಆ ಅಮ್ಮನ ಮುಖ ಕಣ್ಣ ಮುಂದೇ ಬರ್ತಿತ್ತು."

ತಾನು ಮಾಡಿದ್ದನ್ನು ಇವನೂ ಹೊತ್ತು ತಿರುಗುತ್ತಿದ್ದಾನೆಂದು ತಮ್ಮನಿಗೆ ಹೊಳೆದೇ ಇರಲಿಲ್ಲ. "ನಿನ್ನ ತಪ್ಪಲ್ಲ" ಎಂದ. ಮೀಸೆ "ಈಗ ಗೊತ್ತಾಯ್ತು" ಎಂದು ಎದ್ದು ಸ್ಪ್ಯಾನರ್ ತೆಗೆದುಕೊಂಡು ಹೋದ. ಆಮೇಲೆ ಯಾರೂ ತಮ್ಮನನ್ನು 'ಆಯ್ತುಬಿಡಿ' ಎಂದು ಕರೆಯಲಿಲ್ಲ. ತಮಾಷೆಗಾದರೂ ಕರೆಯಲಿ ಎಂದು ಅವನಿಗೆ ಎಷ್ಟೋ ಸಲ ಅನಿಸಿತು.

ಗಾಡಿಯನ್ನು ತಗ್ಗಿಸಿದರು. ದೊಡ್ಡ ಟೈರು, ಡೇರೆ, ಟ್ಯಾಂಕು ಎಲ್ಲ ಹೋದವು. ಡ್ರೈವರ್ ಪಕ್ಕದ ಸೀಟು ಕಿತ್ತು, ಕುರ್ಚಿಯೇ ಬಂದು ಕಚ್ಚಿಕೊಳ್ಳುವ ಜಾಗ ಮಾಡಿದರು. ಅಲ್ಲಿಗೆ ಬರಲು ಪಕ್ಕದ ಬಾಗಿಲಿಂದ ಮಡಚಿ ಚಾಚುವ ಒಂದು ಇಳಿಜಾರು ಹಲಗೆ. ನೋಡಲು ಸಾಧಾರಣ ವ್ಯಾನು. ಒಪ್ಪಿಸುವ ದಿನ ಟವರಿನವರು ಅದನ್ನು ಸುತ್ತಿ ನೋಡಿ, ತಾವು ಕಂಡ ಕನಸಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವಂತೆ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಆಕೆ ಯಾರನ್ನೂ ಕೇಳದೆ ಗಾಲಿಯನ್ನು ತಾವೇ ದೂಡಿಕೊಂಡು ಹಲಗೆ ಹತ್ತಿ ಒಳಗೆ ಹೋಗಿದ್ದರು. ಮುಂದಿನ ಗಾಜಿನ ಹಿಂದೆ ಕೂತು ಹಾರ್ನ್ ಕಡೆ ಕೈ ಚಾಚಿದರು.

ಟವರಿನವರು ಅಕ್ಕನ ಕೈ ಕುಲುಕಿದರು. ಮೀಸೆಗೂ ಕೈ ಕೊಟ್ಟರು. ತಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನ ಕಡೆ ಒಮ್ಮೆ ನೋಡಿ, ತಲೆಯಾಡಿಸಿ ಗಾಡಿ ಹತ್ತಿದರು. ಅಷ್ಟೂ ಹೆಚ್ಚೆಂದೇ ಅವನಿಗೆ ತೋರಿತು.

ಕೆಲವು ದಿನಗಳ ಮೇಲೆ ಅಕ್ಕನಿಗೆ ಫೋನ್ ಬಂತು. ಜಲ್ಲಿ ದಾರಿ ಮುಗಿಯುವವರೆಗೂ ಹೋಗಿದ್ದರಂತೆ. ಅಲ್ಲಿಂದ ಟವರ್ ಕಾಣುತ್ತದೆ, ಸಣ್ಣದಾಗಿ. ಗಾಳಿಯ ಸದ್ದಿನ ನಡುವೆ ಗಂಡಹೆಂಡತಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ, ಗಾಜಿನ ಕೋಣೆಯ ಕಡೆ ನೋಡಿ ತಮ್ಮನನ್ನು ಕರೆದಳು.

ಅವನ ಎದುರು ಹೊಸ ಗಿರಾಕಿಯೊಬ್ಬ ಕೂತಿದ್ದ. ಅವನು ಕೇಳಿದ್ದರಲ್ಲಿ ಅರ್ಧಕ್ಕರ್ಧ ಆಗುವುದಿಲ್ಲ ಎಂದು ತಮ್ಮ ಆಗಷ್ಟೇ ಹೇಳಿ ಮುಗಿಸಿದ್ದ. ಗಿರಾಕಿ ಮುಖ ಗಂಟಿಕ್ಕಿಕೊಂಡು ಎದ್ದು ಹೊರಡುತ್ತಿದ್ದ. ಅವನನ್ನು ಬಾಗಿಲವರೆಗೂ ಬಿಟ್ಟು ಬರುವಷ್ಟರಲ್ಲಿ ಫೋನ್ ಮುಗಿದಿತ್ತು.

"ಏನಂದ್ರು?" ಎಂದು ಕೇಳಿದ.

"ಅಲ್ಲೂ ಬಿಸಿಲಂತೆ, ಸ್ವೆಟರ್ ಬೇಕೇ ಆಗ್ಲಿಲ್ಲವಂತೆ," ಎಂದು ಅಕ್ಕ ಮತ್ತೆ ಗಾಡಿಯ ಕೆಳಗೆ ಸೇರಿದಳು.