ಸಂಗಮನಾಥನ ಫಿಯಾಟು

ತೀರಿಕೊಂಡ ಸಂಗಮನಾಥನನ್ನು ಕೂಡಿಸಿದ್ದ ಕುರ್ಚಿಗೆ ನಾಲ್ವರು ಕೈಹಾಕಿ ಟ್ರ್ಯಾಕ್ಟರಿಗೆ ಎತ್ತುವಷ್ಟರಲ್ಲಿ ಹೆಂಡತಿ ಗುರುದೇವಿ ಅಡ್ಡ ನಿಂತಳು.

"ಇಳಸ್ರಿ ಕೆಳಗ. ಒಂದ್ ಕುಲುಕು ತಡಕೊಳ್ಳಲಾರದ ಮನಶ್ಯಾಗ ಟ್ರ್ಯಾಕ್ಟರ್ ಏನು? ತಮ್ಮ ಫಿಯಾಟಿನಾಗೇ ಹೋಗ್ಲಿ."

ಲಿಂಗಾಯತರಲ್ಲಿ ತೀರಿಕೊಂಡವರು ಕೂತೇ ಹೋಗುವುದು, ಆ ಹಳೇ ಕಾರಿನ ಮುಂದಿನ ಸೀಟೂ ಬೆಂಚಿನಷ್ಟು ಅಗಲ. ಅಡ್ಡಿ ಅದಲ್ಲ. ಸಂಗಮನಾಥ ಹಾಸಿಗೆ ಹಿಡಿದ ಮೇಲೆ ಕಾರು ಶೆಡ್ಡು ಬಿಟ್ಟು ಹೊರಬಂದಿರಲಿಲ್ಲ.

"ಹೊಡೆಯೋರು ಯಾರ್ರಿ?" ಯಾರೋ ಕೇಳಿದರು.

"ಸಾಬಣ್ಣ ಹೊಡೀತಾನ," ಅಂದಳು ಗುರುದೇವಿ.

ಸಾಬಣ್ಣನೂ ಸಂಗಮನಾಥನ ಹಾಗೇ ಟ್ಯಾಕ್ಸಿ ಹೊಡೆಯುವವನು. ಶಹಾಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಂಗಮನಾಥನ ಇಂಜಿನ್ನನ್ನು ಹೀಯಾಳಿಸದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. ಇವತ್ತು ಅದು ನಡುದಾರಿಯಲ್ಲಿ ಕೆಮ್ಮಿ ನಿಂತರೆ ಗೆಳೆಯನ ಮಾನ ಊರ ಮುಂದೆ ಹೋಗುತ್ತದೆ.

*

ಸುರಪುರದ ಗುಡ್ಡದ ಏರಿನಲ್ಲಿ ಒಮ್ಮೆ ಸಾಬಣ್ಣನ ಡೀಸೆಲ್ ಅಂಬಾಸಿಡರ್ ಮದುವೆ ಮಂದಿಯನ್ನು ಹೊತ್ತು ಫಿಯಾಟನ್ನು ಹಿಂದೆ ಹಾಕಿತ್ತು.

"ನಿಂದು ಹೊಲಿಗಿ ಮಷೀನೋ ತಮ್ಮಾ! ಇಂಜಿನ್ ಅಂದ್ರ ದಮ್ಮಿರಬೇಕು," ಎಂದು ಸಾಬಣ್ಣ ಮೀಸೆ ತಿರುವಿದ್ದ.

"ನೀ ಮೊದಲ ಬಂದಿ, ಖರೆ. ಆದ್ರ ನಿನ್ನ ಗಾಡ್ಯಾಗಿನ ಮಂದಿ ಇನ್ನಾ ನಡಗಾಕತ್ತಾರ. ನನ್ನ ಮಂದಿ ನೋಡು, ನಿದ್ದಿ ಹೊಡ್ಯಾಕತ್ತಾರ," ಅಂದಿದ್ದ ಸಂಗಮನಾಥ.

ಅದನ್ನಾದರೂ ನುಂಗಬಹುದಿತ್ತು. ಆದರೆ ದಿನ ತುಂಬಿದ ಸ್ವಂತ ಹೆಂಡತಿ ತಿಮ್ಮವ್ವ ಯಾದಗಿರಿ ಆಸ್ಪತ್ರೆಗೆ ಹೊರಟಾಗ, "ನಿಮ್ಮ ಗಾಡಿ ಬ್ಯಾಡ, ಫಿಯಾಟ್ ಕರೀರಿ" ಅಂದಳಲ್ಲ, ಆ ಉರಿ ಸಾಬಣ್ಣನಿಗೆ ಇನ್ನೂ ಆರಿರಲಿಲ್ಲ.

*

ಸಾಬಣ್ಣ ತನ್ನ ಗಾಡಿಯ ಬ್ಯಾಟರಿಯನ್ನೇ ಬಿಚ್ಚಿ ತಂದು ಹಾಕಿದ. ಪ್ಲಗ್ಗುಗಳನ್ನು ಒರೆಸಿ, ಕಾರ್ಬುರೇಟರ್ ತೊಳೆದ.

"ಚಾಲೂ ಆಗ್ತದೇನ್ರಿ ಕಾಕಾ?" ಸಂಗಮನಾಥನ ಮಗಳು ಶಾಂಭವಿ ಕೇಳಿದಳು.

"ಆಗಲಿಲ್ಲಂದ್ರ ನಿಮ್ಮಪ್ಪ ಎದ್ದು ಬೈತಾನ."

ಎರಡು ಸಲ ಮುನಿದು ಮೂರನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು. ಭಜನೆಯವರ ಹಿಂದೆ ನಡಿಗೆಯ ವೇಗದಲ್ಲಿ ಶಿರವಾಳದ ದಾರಿ ಹಿಡಿದರು. ಪಕ್ಕದಲ್ಲಿ ವಿಭೂತಿ ಬಳಿದುಕೊಂಡು ಸಂಗಮನಾಥ ಕೂತಿದ್ದ. ತಲೆಯ ಮೇಲಿನ ಒಂದು ಹೂವೂ ಜಾರಲಿಲ್ಲ. ಬೈಯಲು ಇಂಜಿನ್ನಿನಿಂದ ಒಂದಾದರೂ ಸದ್ದು ಸಿಗಲಿ ಎಂದು ಸಾಬಣ್ಣ ದಾರಿಯುದ್ದಕ್ಕೂ ಕಿವಿಗೊಟ್ಟಿದ್ದ.

ಮಣ್ಣು ಮಾಡುವ ಹೊಲ ಬಂತು. ಭಜನೆ ನಿಂತಿತು. ಸಂಗಮನಾಥನನ್ನು ಇಳಿಸಿ, ಮತ್ತೆ ಕುರ್ಚಿಯಲ್ಲಿ ಕೂಡಿಸಿ ಕುಣಿಯ ಅಂಚಿಗೆ ಒಯ್ದರು. ಸಾಬಣ್ಣನ ಕಣ್ಣು ಅತ್ತಲೇ ನೆಟ್ಟಿತ್ತು.

"ಗಾಡಿ ಸ್ವಲ್ಪ ಹಿಂದ ತೊಗೋರಿ, ಮಂದಿಗೆ ಜಾಗಾ ಬೇಕು," ಎಂದರು ಸ್ವಾಮಿಗಳು.

ಸಾಬಣ್ಣ ಗಡಬಡಿಸಿ ಕೀಲಿ ತಿರುವಿದ. ಕರ್ರರ್ರ್ ಎಂದು ಸ್ಟಾರ್ಟರ್ ಕಿರುಚಿತು. ನೆರೆದವರೆಲ್ಲ ತಿರುಗಿ ನೋಡಿದರು.

"ಕಾಕಾ," ಎಂದಳು ಶಾಂಭವಿ, "ಗಾಡಿ ಚಾಲೂನೇ ಅದ!"

ಗುರುದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಗಿನಿಂದ ಅತ್ತ ಹೆಂಗಸು ಈಗ ನಗುತ್ತಿದ್ದಳು. ಸಾಬಣ್ಣನ ಕಿವಿ ಕೆಂಪಾಯಿತು. ಕಾರನ್ನು ಹಿಂದೆ ತೆಗೆದು ನಿಲ್ಲಿಸಿದ, ಆದರೆ ಆರಿಸಲಿಲ್ಲ. ಇಳಿದು ಬಂದು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ ನಿಂತ. ಅಂಗೈಗೆ ಇಂಜಿನ್ನಿನ ಒಂದು ನಡುಕವೂ ತಾಗಲಿಲ್ಲ.